ಹದಿನೈದು ಚರ್ಮದ ಪಟ್ಟಿ, ಒಂದು ಹೆಸರು: 1883ರ ಹಸ್ತಪ್ರತಿ ಪ್ರಕರಣ

ಈ ಬರಹದ ಮುಖ್ಯ ಪಾತ್ರಗಳಿಗೆ ಹೆಸರಿಲ್ಲ. ಗುಟ್ಟು ಅಂತಲ್ಲ. ಅವರ ಹೆಸರು ಆಗಿನ ಪತ್ರಿಕೆಗಳ ತುಂಬ ಬಂದಿತ್ತು, ಹುಡುಕಿದರೆ ಈಗಲೂ ಐದು ನಿಮಿಷದಲ್ಲಿ ಸಿಗುತ್ತದೆ. ಬೇಕೆಂದೇ ಬಿಟ್ಟಿದ್ದೇನೆ. ಯಾಕೆಂದರೆ ಈ ಪ್ರಕರಣದ ಗಂಟು ಇರುವುದೇ ಹೆಸರಿನಲ್ಲಿ. ಹಳೆಯ ಹಸ್ತಪ್ರತಿಯೊಂದು ಮೇಜಿನ ಮೇಲೆ ಬಂದಾಗ ‘ಇದು ಏನು’ ಅಂತ ಕೇಳುವ ಮೊದಲೇ ‘ತಂದವರು ಯಾರು’ ಅಂತ ಕೇಳಿದರೆ ಏನೇನಾಗುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಇಲ್ಲಿ ಬರುವವರು ಒಬ್ಬ ವ್ಯಾಪಾರಿ, ಒಬ್ಬ ಜರ್ಮನ್ ಪ್ರೊಫೆಸರ್, ಒಬ್ಬ ಲಂಡನ್ ಪಂಡಿತರು, ಒಬ್ಬ ಫ್ರೆಂಚ್ ತಜ್ಞರು. ಅಷ್ಟೇ.

ನನ್ನ ಒಲವು ಎತ್ತ ಎಂದು ಮೊದಲೇ ಹೇಳಿಬಿಡುತ್ತೇನೆ. ಬೈಬಲಿನ ಬಲು ಹಳೆಯ ಪ್ರತಿ ಎಂದು ವ್ಯಾಪಾರಿ 1883ರಲ್ಲಿ ಲಂಡನ್ನಿಗೆ ತಂದ ಚರ್ಮದ ಪಟ್ಟಿಗಳು ನಕಲಿಯೇ ಇರಬೇಕು ಅನ್ನಿಸುತ್ತದೆ. ಆದರೆ ಆ ತೀರ್ಪಿಗೆ ಬಂದ ದಾರಿಯ ಬಗ್ಗೆ ನನಗೆ ತುಂಬ ತಕರಾರಿದೆ.

ಹಿನ್ನೆಲೆ

ವ್ಯಾಪಾರಿಯ ಅಂಗಡಿ ಇದ್ದದ್ದು ಜೆರುಸಲೇಮಿನ ಹಳೇ ಪಟ್ಟಣದಲ್ಲಿ. ಅವರು 1830ರಲ್ಲಿ ರಷ್ಯಾ ಸಾಮ್ರಾಜ್ಯದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಆಮೇಲೆ ಕ್ರೈಸ್ತರಾದವರು. ಯಾತ್ರಿಕರಿಗೆ ನೆನಪಿನ ಸಾಮಾನು ಮಾರುತ್ತಿದ್ದರು. ಅದರ ಜೊತೆಗೆ ಯುರೋಪಿನ ದೊಡ್ಡ ಗ್ರಂಥಾಲಯಗಳಿಗೆ ಹಳೆಯ ಹೀಬ್ರೂ ಹಸ್ತಪ್ರತಿಗಳನ್ನೂ ಒದಗಿಸುತ್ತಿದ್ದರು. ಯೆಮೆನಿನ ಯಹೂದಿಗಳಿಂದ ತಂದ ಸುರುಳಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅವರಿಂದಲೇ ಕೊಂಡಿತ್ತು. ಅವು ಅಸಲಿ, ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ಅನುಮಾನ ಬಂದದ್ದು ಮಣ್ಣಿನ ಬೊಂಬೆಗಳಿಂದ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1868ರಲ್ಲಿ ಸತ್ತ ಸಮುದ್ರದ ಪೂರ್ವಕ್ಕೆ, ಹಳೆಯ ಮೋವಾಬ್ ಸೀಮೆಯ ಧೀಬಾನ್ ಎಂಬಲ್ಲಿ ಒಂದು ಕಪ್ಪು ಕಲ್ಲಿನ ಶಾಸನ ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ ಮೋವಾಬ್ ರಾಜ ಮೇಷ ಬರೆಸಿದ್ದು. ಯುರೋಪಿನವರು ಅದಕ್ಕಾಗಿ ಕಿತ್ತಾಡಿದರು, ಅಲ್ಲಿನ ಬೆದೂಯಿನರು, ಅಂದರೆ ಅಲೆಮಾರಿ ಅರಬರು, ಸಿಟ್ಟಿಗೆ ಅದನ್ನು ಒಡೆದರು, ಸಿಕ್ಕಷ್ಟು ಚೂರುಗಳು ಕೊನೆಗೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಸೇರಿದವು. ಈಗ ನಾವು ನೋಡುವ ಚೌಕಾಕಾರದ ಹೀಬ್ರೂ ಅಕ್ಷರಕ್ಕೂ ಮೊದಲು ಆ ಭಾಗದಲ್ಲಿ ಬಳಕೆಯಲ್ಲಿದ್ದ ಲಿಪಿ ಹೇಗಿತ್ತು ಅಂತ ಆ ಕಲ್ಲು ಉದ್ದಕ್ಕೆ ತೋರಿಸಿಕೊಟ್ಟಿತು. ಪಂಡಿತರಿಗೆ ಅದು ಹಬ್ಬ. ನಕಲಿ ಮಾಡುವವರಿಗೂ ಹಬ್ಬವೇ. ಅಕ್ಷರಮಾಲೆ ಕೈಗೆ ಸಿಕ್ಕಿತಲ್ಲ!

ಸ್ವಲ್ಪ ದಿನದಲ್ಲೇ ಅದೇ ಲಿಪಿಯಲ್ಲಿ ಗೀಚಿದ್ದ ಮೋವಾಬಿನ ಮಡಕೆ, ಬೊಂಬೆಗಳು ಜೆರುಸಲೇಮಿನ ಮಾರುಕಟ್ಟೆಗೆ ಬಂದವು. ನಮ್ಮ ವ್ಯಾಪಾರಿಯ ಮೂಲಕ ಪ್ರಷ್ಯಾ ಸರ್ಕಾರ ಸುಮಾರು 1,700 ತುಂಡುಗಳನ್ನು ಕೊಂಡಿತು. ಅವು ಅಸಲಿ ಎಂದು ಒಪ್ಪಿಕೊಂಡವರಲ್ಲಿ ಮುಖ್ಯರು ಜರ್ಮನ್ ಪ್ರೊಫೆಸರ್. ನಕಲಿ ಎಂದು ಬಯಲು ಮಾಡಿದವರು ಫ್ರೆಂಚ್ ತಜ್ಞರು. ವ್ಯಾಪಾರಿ ತಾನೇ ಮೋಸ ಮಾಡಿದರೋ, ಜೊತೆಗಾರನೊಬ್ಬನಿಂದ ಮೋಸಹೋದರೋ ಎಂಬುದು ಬೇರೆ ಚರ್ಚೆ. ಹೆಸರಂತೂ ಕೆಟ್ಟಿತು. ಪ್ರೊಫೆಸರ್‌ಗೂ ಮುಖಭಂಗವಾಯಿತು.

ಈ ಮೂವರನ್ನೂ ನೆನಪಿಟ್ಟುಕೊಳ್ಳಿ. ಪಟ್ಟಿಗಳ ವಿಷಯದಲ್ಲಿ ತೀರ್ಪು ಕೊಡುವವರಲ್ಲಿ ಇಬ್ಬರು ಇವರೇ.

ಪಟ್ಟಿಗಳಲ್ಲಿ ಏನಿತ್ತು

ವ್ಯಾಪಾರಿ ಹೇಳಿದ ಕಥೆ ಇದು. ಅರ್ನೋನ್ ಹೊಳೆಯ ಕಣಿವೆಯ ಮೇಲಿನ ಗುಹೆಯೊಂದರಲ್ಲಿ ಅಡಗಿದ್ದ ಅರಬರಿಗೆ ಬಟ್ಟೆ ಸುತ್ತಿದ ಕಪ್ಪು ಗಂಟುಗಳು ಸಿಕ್ಕವು. ಚಿನ್ನ ಇರಬಹುದು ಅಂತ ಬಿಚ್ಚಿದರೆ ಒಳಗೆ ಚರ್ಮ. 1878ರಲ್ಲಿ ಅದು ಕೈಯಿಂದ ಕೈಗೆ ದಾಟಿ ಇವರ ಬಳಿಗೆ ಬಂತು.

ಒಟ್ಟು ಹದಿನೈದರ ಆಸುಪಾಸು ಪಟ್ಟಿಗಳು. ಮಡಿಸಿದಾಗ ಒಂದೊಂದು ಮಡಿಕೆ ಸುಮಾರು ಮೂರೂವರೆ ಇಂಚು ಎತ್ತರ, ಏಳು ಇಂಚು ಅಗಲ. ಮೇಲೆ ಡಾಂಬರಿನಂಥ ಕಪ್ಪು ಅಂಟು. ಸುಮ್ನೆ ನೋಡಿದರೆ ಅಕ್ಷರವೇ ಕಾಣುವುದಿಲ್ಲ. ಸ್ಪಿರಿಟ್ ಸವರಿದರೆ ಒಂದು ಕ್ಷಣ ಮೇಲೆದ್ದು ಬರುತ್ತವೆ. ನಮ್ಮಲ್ಲಿ ಓಲೆಗರಿಗೆ ಎಣ್ಣೆ ಮಸಿ ತಿಕ್ಕಿ ಅಕ್ಷರ ಎಬ್ಬಿಸುತ್ತಾರಲ್ಲ, ಅದು ಕಣ್ಣಮುಂದೆ ಬರುತ್ತದೆ. ಲಿಪಿ ಮೇಷನ ಕಲ್ಲಿನದಕ್ಕೆ ಹತ್ತಿರ.

ಓದಿದರೆ ಅದು ಬೈಬಲಿನ ಧರ್ಮೋಪದೇಶಕಾಂಡ ಎಂಬ ಪುಸ್ತಕ. ಮೋಶೆ ಸಾಯುವ ಮೊದಲು ಮೋವಾಬಿನ ಬಯಲಿನಲ್ಲಿ ಜನಕ್ಕೆ ಹೇಳುವ ಕೊನೆಯ ಮಾತು. ಆದರೆ ನಮಗೆ ಗೊತ್ತಿರುವ ಪಾಠ ಅಲ್ಲ. ತುಂಬ ಚಿಕ್ಕದು. ಹತ್ತು ಆಜ್ಞೆಗಳ ಕ್ರಮ ಬೇರೆ, ಲೆಕ್ಕ ಬೇರೆ. ಪ್ರತಿ ಆಜ್ಞೆಯ ಕೊನೆಗೂ ‘ನಾನು ಎಲೋಹಿಮ್, ನಿನ್ನ ದೇವರು’ ಎಂಬ ಪಲ್ಲವಿ. ‘ನಿನ್ನ ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ’ ಎಂಬ ಮಾತು ಹತ್ತನೆಯ ಆಜ್ಞೆಯಾಗಿ ಬಂದಿದೆ. ನಮ್ಮ ಬೈಬಲಿನಲ್ಲಿ ಅದಿರುವುದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಎಲ್ಲಕ್ಕಿಂತ ವಿಚಿತ್ರ ಅಂದರೆ 12ರಿಂದ 26ರವರೆಗಿನ ಅಧ್ಯಾಯಗಳ ಕಾನೂನಿನ ದೊಡ್ಡ ಗಂಟು ಪೂರ್ತಿ ಕಾಣೆಯಾಗಿದೆ.

ಆ ಕಾಲಕ್ಕೆ ಇದು ಯಾಕೆ ಬಾಂಬಿನಂತಿತ್ತು? ಮೋಶೆಯ ಐದು ಪುಸ್ತಕಗಳನ್ನು ಒಬ್ಬರೇ ಬರೆದದ್ದಲ್ಲ, ಬೇರೆ ಬೇರೆ ಮೂಲಗಳನ್ನು ಹೊಸೆದು ಮಾಡಿದ್ದು ಎಂಬ ವಾದ ಯುರೋಪಿನಲ್ಲಿ ಆಗಲೇ ನೂರು ವರ್ಷ ದಾಟಿತ್ತು. 1753ರಲ್ಲಿ ಆಸ್ತ್ರುಕ್ ಎಂಬ ಫ್ರೆಂಚ್ ವೈದ್ಯರು ಆದಿಕಾಂಡದಲ್ಲಿ ದೇವರಿಗೆ ಒಂದು ಕಡೆ ಯೆಹೋವ, ಇನ್ನೊಂದು ಕಡೆ ಎಲೋಹಿಮ್ ಎಂಬ ಹೆಸರಿರುವುದನ್ನು ಹಿಡಿದು ಎರಡು ಎಳೆ ಬಿಡಿಸಿದ್ದರು. 1805ರಲ್ಲಿ ಡಿ ವೆಟ್ಟೆ ಎಂಬ ಜರ್ಮನ್ ಪಂಡಿತರು ಧರ್ಮೋಪದೇಶಕಾಂಡವನ್ನು ಯೆಹೂದದ ಯೋಷೀಯ ರಾಜನ ಕಾಲಕ್ಕೆ, ಅಂದರೆ ಕ್ರಿ.ಪೂ. 622ರ ಆಸುಪಾಸಿಗೆ ತಳುಕು ಹಾಕಿದ್ದರು. ದೇವಾಲಯದಲ್ಲಿ ‘ಸಿಕ್ಕಿತು’ ಎಂದು ಬೈಬಲಿನ ಅರಸುಗಳ ಪುಸ್ತಕ ಹೇಳುವ ಧರ್ಮಗ್ರಂಥ ಇದೇ ಅಂತ. ಇದೇ ವಾದವನ್ನು ಮುಂದಕ್ಕೆ ಒಯ್ದ ಜರ್ಮನ್ ಪಂಡಿತ ವೆಲ್‌ಹೌಸನ್ ಅವರ ದೊಡ್ಡ ಕೃತಿ ಬಂದದ್ದು 1878ರಲ್ಲಿ. ಪಟ್ಟಿಗಳು ವ್ಯಾಪಾರಿಯ ಕೈ ಸೇರಿದ್ದೂ ಅದೇ ವರ್ಷ.

ಮಜಾ ನೋಡಿ, ಪಂಡಿತರ ಪ್ರಕಾರ ಧರ್ಮೋಪದೇಶಕಾಂಡದಲ್ಲಿ ಹಳೆಯ ತಿರುಳು ಎಂದರೆ ಆ ಕಾನೂನಿನ ಭಾಗವೇ. ಸುತ್ತಲಿನ ಕಥೆ ಆಮೇಲೆ ಸೇರಿದ್ದು. ಪಟ್ಟಿಗಳಲ್ಲಿ ಇರುವುದು ಉಲ್ಟಾ. ಕಥೆ ಇದೆ, ಕಾನೂನಿಲ್ಲ. ಇದನ್ನು ಅಸಲಿ ಎಂದು ಒಪ್ಪಿದರೆ ಇಡೀ ವಾದವನ್ನೇ ತಿರುಗಿಸಿ ಕಟ್ಟಬೇಕು.

ಮೊದಲ ತಿರುವು: ಪಟ್ಟಿ ಕಳಿಸದೆ ಪಠ್ಯ ಮಾತ್ರ ಕಳಿಸಿದ್ದು

1878ರಲ್ಲಿ ವ್ಯಾಪಾರಿ ತನಗೆ ಓದಲು ಬಂದಷ್ಟನ್ನು ನಕಲು ಮಾಡಿ ಅದೇ ಜರ್ಮನ್ ಪ್ರೊಫೆಸರ್‌ಗೆ ಕಳಿಸಿದರು. ಗಮನಿಸಿ, ಚರ್ಮವನ್ನಲ್ಲ. ಕಾಗದದ ಮೇಲಿನ ನಕಲನ್ನು.

ಹಸ್ತಪ್ರತಿ ಕೆಲಸ ಮಾಡುವವರಿಗೆ ಇಲ್ಲಿಯೇ ಎಲ್ಲಿ ಎಡವಿದರು ಅಂತ ಗೊತ್ತಾಗುತ್ತದೆ. ಕಾಗದದ ನಕಲಿನಲ್ಲಿ ಪರೀಕ್ಷೆ ಮಾಡಲು ಉಳಿಯುವುದು ಪಠ್ಯ ಮಾತ್ರ. ಚರ್ಮ ಎಂಥದ್ದು, ಶಾಯಿ ಬಿರುಕಿನ ಒಳಗೆ ಇಳಿದಿದೆಯೋ ಮೇಲೆ ನಿಂತಿದೆಯೋ, ಅಂಚು ಹೇಗಿದೆ, ಗೆರೆ ಎಳೆದಿದ್ದಾರೋ — ಒಂದೂ ಇಲ್ಲ. ಪ್ರೊಫೆಸರ್ ಮುಂದೆ ಇದ್ದ ಪ್ರಶ್ನೆ ಒಂದೇ: ಈ ಪಠ್ಯ ನಮ್ಮ ಬೈಬಲಿನ ಹಾಗಿದೆಯಾ? ಇಲ್ಲ. ಹಾಗಾದರೆ ನಕಲಿ.

ಬೊಂಬೆಗಳ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವರು. ಅದೇ ಅಂಗಡಿಯಿಂದ ಇನ್ನೊಂದು ಪೊಟ್ಟಣ ಬಂದರೆ ಹೇಗೆ ನೋಡಿಯಾರು? ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವರು ಅಪ್ರಾಮಾಣಿಕರು ಅಂತ ನಾನು ಹೇಳುತ್ತಿಲ್ಲ. ಈ ಒಂದು ವಿಷಯದಲ್ಲಿ ತೀರ್ಪು ಕೊಡಲು ಅವರಿಗಿಂತ ತಪ್ಪಾದ ವ್ಯಕ್ತಿ ಇರಲಿಲ್ಲ. ಅವರನ್ನೇ ಆರಿಸಿದ್ದು ವ್ಯಾಪಾರಿಯ ತಪ್ಪು.

ವ್ಯಾಪಾರಿ ಪಟ್ಟಿಗಳನ್ನು ಬದಿಗಿಟ್ಟರು. ಐದು ವರ್ಷ.

ಎರಡನೆಯ ತಿರುವು: ಓದಿದ ಪುಸ್ತಕ

1883ರ ಹೊತ್ತಿಗೆ ವ್ಯಾಪಾರಿ ಬೈಬಲಿನ ಮೂಲಗಳ ಬಗ್ಗೆ ಜರ್ಮನ್ ಪಂಡಿತರು ಬರೆದದ್ದನ್ನು ಓದಿದರು. ದೇವರ ಹೆಸರಿನ ಮೇಲೆ ಮೂಲಗಳನ್ನು ಬೇರೆ ಮಾಡುತ್ತಾರೆ, ಹಲವು ಪಾಠಗಳು ಇದ್ದಿರಬಹುದು ಎನ್ನುತ್ತಾರೆ. ಹಾಗಾದರೆ ತನ್ನ ಪಟ್ಟಿಗಳು ಬೈಬಲಿನಿಂದ ಬೇರೆಯಾಗಿವೆ ಎಂಬುದು ದೋಷವೇ ಅಲ್ಲ, ಬದಲಿಗೆ ಗುಣವೇ ಆಗಬಹುದಲ್ಲ!

ಈ ಘಟ್ಟವನ್ನು ಎರಡು ರೀತಿಯಲ್ಲಿ ಓದಬಹುದು. ಒಂದು, ಕಲಿಯುವ ಹಂಬಲವಿದ್ದ ಮನುಷ್ಯ ತನ್ನ ಹಳೇ ಗಂಟನ್ನು ಹೊಸ ಬೆಳಕಿನಲ್ಲಿ ನೋಡಿದರು. ಇನ್ನೊಂದು, ಗಿರಾಕಿಗೆ ಏನು ಬೇಕು ಅಂತ ವ್ಯಾಪಾರಿಗೆ ಗೊತ್ತಾಯಿತು. ಎರಡಕ್ಕೂ ಸಾಕ್ಷಿ ಒಂದೇ. ತಂದವರ ಮೇಲೆ ನಮಗೆ ಮೊದಲೇ ಇರುವ ಅಭಿಪ್ರಾಯ ಯಾವುದೋ ಅದೇ ಓದು ನಮಗೆ ಸಹಜ ಅನ್ನಿಸುತ್ತದೆ.

ಆ ಬೇಸಿಗೆ ಅವರು ಪಟ್ಟಿ ಹಿಡಿದು ಯುರೋಪಿಗೆ ಹೊರಟರು. ಲೈಪ್‌ಜಿಗ್‌ನಲ್ಲಿ ಒಬ್ಬ ಯುವ ವಿದ್ವಾಂಸರು ಪಟ್ಟಿಗಳನ್ನು ಕೂತು ಓದಿ ನಕಲು ಮಾಡಿಕೊಂಡರು. ಮುಂದೆ ಅದನ್ನು ಪುಸ್ತಕವಾಗಿಯೂ ತಂದರು. ಬರ್ಲಿನ್ನಿನಲ್ಲಿ ಜುಲೈ 10ರಂದು ದೊಡ್ಡ ದೊಡ್ಡ ಪಂಡಿತರ ಸಮಿತಿಯೊಂದು ಕೂತಿತು. ಒಂದೂವರೆ ಗಂಟೆಯಲ್ಲಿ ನಕಲಿ ಎಂದು ತೀರ್ಮಾನಿಸಿ ಎದ್ದಿತು. ಆದರೆ ಅದನ್ನು ಆಗ ಬಹಿರಂಗವಾಗಿ ಹೇಳಲಿಲ್ಲ. ಈ ಸುಮ್ಮನಿರುವಿಕೆ ನನಗೆ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಲೋಪ ಅನ್ನಿಸುತ್ತದೆ. ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದು ಆಗಲೇ ಅಚ್ಚು ಹಾಕಿದ್ದರೆ ಲಂಡನ್ನಿನ ಜಾತ್ರೆ ನಡೆಯುತ್ತಲೇ ಇರಲಿಲ್ಲ.

ಮೂರನೆಯ ತಿರುವು: ಗಾಜಿನ ಪೆಟ್ಟಿಗೆ

ಜುಲೈ ಕೊನೆಯ ವಾರಗಳಲ್ಲಿ ವ್ಯಾಪಾರಿ ಲಂಡನ್ನಿನಲ್ಲಿದ್ದರು. ಬ್ರಿಟಿಷ್ ಮ್ಯೂಸಿಯಂಗೆ ಪಟ್ಟಿಗಳನ್ನು ಕೊಳ್ಳುವಂತೆ ಕೇಳಿದರು. ಬೆಲೆ ಹತ್ತು ಲಕ್ಷ ಪೌಂಡು ಎಂದು ಪತ್ರಿಕೆಗಳು ಬರೆದವು. ಮ್ಯೂಸಿಯಂ ಪರೀಕ್ಷೆಯ ಕೆಲಸವನ್ನು ಲಂಡನ್ ಪಂಡಿತರಿಗೆ ಒಪ್ಪಿಸಿತು. ಹೀಬ್ರೂ ಬೈಬಲಿನ ಪಾಠಾಂತರಗಳ ವಿಷಯದಲ್ಲಿ ಆಗ ಅವರಿಗಿಂತ ಜಾಸ್ತಿ ತಿಳಿದವರು ಬೆರಳೆಣಿಕೆಯಷ್ಟು.

ಅವರು ಕೆಲಸ ಶುರು ಮಾಡಿದ್ದು ಸರಿಯಾಗಿಯೇ. ಒಂದೊಂದೇ ಪಟ್ಟಿ ಓದಿ, ಅಕ್ಷರ ಬಿಡಿಸಿ, ಅನುವಾದ ಮಾಡಿದರು. ತಪ್ಪಾದದ್ದು ಕ್ರಮದಲ್ಲಿ. ಅಸಲಿಯೋ ನಕಲಿಯೋ ಅಂತ ಹೇಳುವ ಮೊದಲೇ ಆ ಓದು ಆಗಸ್ಟಿನಲ್ಲಿ ವಾರಪತ್ರಿಕೆಯೊಂದರಲ್ಲಿ ಕಂತಿನ ಮೇಲೆ ಕಂತು ಬರತೊಡಗಿತು. ಎರಡು ತುಣುಕುಗಳನ್ನು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಜನ ಮುಗಿಬಿದ್ದರು. ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂಡ ಬಂದು ನೋಡಿಹೋದರು.

ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಅದು ಪರೀಕ್ಷೆಗೆ ಬಂದ ವಸ್ತುವಾಗಿ ಉಳಿಯಲಿಲ್ಲ, ಪ್ರದರ್ಶನವಾಯಿತು. ಇನ್ನು ಎರಡೇ ದಾರಿ. ಒಂದೋ ಶತಮಾನದ ಶೋಧ, ಇಲ್ಲವೋ ಶತಮಾನದ ಮೋಸ. ‘ಇನ್ನೂ ಗೊತ್ತಿಲ್ಲ, ಆರು ತಿಂಗಳು ಕೊಡಿ’ ಎನ್ನಲು ಜಾಗ ಉಳಿಯಲಿಲ್ಲ.

ಅಂಚಿನ ಗೆರೆ

ಫ್ರೆಂಚ್ ತಜ್ಞರು ಆಗಸ್ಟ್ ಮಧ್ಯದಲ್ಲಿ ಬಂದಿಳಿದರು. ಮೊದಲ ದಿನ ಕೆಲವು ನಿಮಿಷ ನೋಡಲು ಸಿಕ್ಕಿತು. ಆಮೇಲೆ ಬಾಗಿಲು ಮುಚ್ಚಿತು. ಇವರಿಗೆ ತೋರಿಸುವುದು ಬೇಡ ಅಂತ ವ್ಯಾಪಾರಿಯೇ ಹೇಳಿದ್ದರು. ಬೊಂಬೆಗಳ ಗುಟ್ಟು ಬಿಚ್ಚಿದವರಲ್ಲವೇ ಇವರು? ತಮ್ಮನ್ನು ಕಂಡರಾಗದ ಪರೀಕ್ಷಕರು ಅನ್ನುವುದು ವ್ಯಾಪಾರಿಯ ಲೆಕ್ಕ. ಮುಚ್ಚಿಡುವುದಕ್ಕೆ ಏನೋ ಇದೆ ಅನ್ನುವುದು ನೋಡುವವರ ಲೆಕ್ಕ. ಇದರಿಂದ ನಷ್ಟವಾದದ್ದು ವ್ಯಾಪಾರಿಗೇ.

ತಜ್ಞರು ಸುಮ್ಮನಾಗಲಿಲ್ಲ. ಜನರ ನಡುವೆ ನುಸುಳಿ, ಗಾಜಿನ ಹೊರಗಿನಿಂದ ಆ ಎರಡು ತುಣುಕುಗಳನ್ನೇ ದಿಟ್ಟಿಸಿದರು. ಅವರು ನೋಡಿದ್ದು ಅಕ್ಷರವನ್ನಲ್ಲ, ಅಂಚನ್ನು. ಇಲ್ಲಿ ಸ್ವಲ್ಪ ನಿಧಾನ ಹೋಗೋಣ. ಇಡೀ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಓದುವ ಧರ್ಮಗ್ರಂಥದ ಸುರುಳಿಯನ್ನು ಬರೆಯಲು ಕಟ್ಟುನಿಟ್ಟಾದ ನಿಯಮಗಳಿವೆ. ಚರ್ಮದ ಮೇಲೆ ಮೊದಲು ಮೊನೆಯಿಂದ, ಶಾಯಿ ಇಲ್ಲದೆ, ಗೆರೆ ಗೀರುತ್ತಾರೆ. ಅಡ್ಡಗೆರೆಯಿಂದ ಅಕ್ಷರ ನೇತುಬೀಳುತ್ತದೆ. ನೆಟ್ಟನೆ ಗೆರೆ ಕಾಲಮ್ಮಿನ ಎಡಬಲದ ಎಲ್ಲೆ. ಸುತ್ತ ಖಾಲಿ ಜಾಗ ಬಿಡಬೇಕು. ಮೇಲೆ ಮೂರು ಬೆರಳು, ಕೆಳಗೆ ಒಂದು ಅಂಗೈ ಅಗಲ. ಕೆಳಗಿನದೇ ಜಾಸ್ತಿ. ಈಗ ಒಂದು ಹಳೇ ಸುರುಳಿ ತೆಗೆದುಕೊಂಡು ಕೆಳಗಿನ ಆ ಖಾಲಿ ಅಂಚನ್ನು ಉದ್ದಕ್ಕೆ ಕತ್ತರಿಸಿದರೆ ಏನು ಸಿಗುತ್ತದೆ? ಸುಮಾರು ಮೂರೂವರೆ ಇಂಚು ಅಗಲದ ಹಳೇ ಚರ್ಮದ ಪಟ್ಟಿ. ಒಂದು ಕಡೆಯ ಅಂಚು ಹಳೆಯದು, ಸವೆದದ್ದು. ಇನ್ನೊಂದು ಕಡೆಯದು ಕತ್ತರಿಸಿದ ಹೊಸ ಅಂಚು. ನೆಟ್ಟನೆ ಗೆರೆಗಳು ಕಾಲಂ ಮುಗಿದ ಮೇಲೂ ಸ್ವಲ್ಪ ಕೆಳಕ್ಕೆ ಇಳಿದಿದ್ದರೆ ಅವೂ ಪಟ್ಟಿಯ ಜೊತೆಗೇ ಬರುತ್ತವೆ.

ಗಾಜಿನೊಳಗೆ ಕಂಡದ್ದು ಅದೇ. ಎರಡು ಅಂಚು ಎರಡು ತರಹ. ನಡುವೆ ಮೊನೆಯಿಂದ ಗೀರಿದ ನೆಟ್ಟನೆ ಗೆರೆಗಳು. ಮೇಷನ ಕಾಲದ ಅಕ್ಷರಗಳಿಗೂ ಆ ಗೆರೆಗಳಿಗೂ ಸಂಬಂಧವೇ ಇಲ್ಲ. ಸಾಲುಗಳು ಅವನ್ನು ಲೆಕ್ಕಿಸದೆ ಸಾಗಿವೆ. ಬೇರೆಯವರು ಹಾಕಿದ ಕಾಲಂನಲ್ಲಿ ಬೇರೆ ಯಾರೋ ಬಂದು ಕೂತ ಹಾಗೆ. ಒಂದು ಹಳೇ ಸುರುಳಿಯ ಅಂಚು ಕೊಟ್ಟರೆ ಇಂಥದ್ದೇ ಪಟ್ಟಿಯನ್ನು ತಾನೂ ಮಾಡಿಕೊಡುತ್ತೇನೆ ಅಂತ ತಜ್ಞರು ಪತ್ರಿಕೆಗೆ ಬರೆದರು.

ಇದು ವಸ್ತುವಿನಿಂದಲೇ ಹುಟ್ಟಿದ ವಾದ. ತಂದವರ ಹೆಸರು ತಿಳಿಯದಿದ್ದರೂ ಇದು ನಿಲ್ಲುತ್ತದೆ. ಅದಕ್ಕೇ ನಾನು ನಕಲಿ ಎಂಬ ಕಡೆಗೆ ವಾಲುವುದು.

ಆದರೆ ಅದೇ ವಾರಗಳಲ್ಲಿ ಇದರ ಜೊತೆಗೇ ಓಡಾಡಿದ ಬೇರೆ ವಾದಗಳನ್ನೂ ನೋಡಿ. ಆ ಸೀಮೆಯ ತೇವದಲ್ಲಿ ಚರ್ಮ ಎರಡೂವರೆ ಸಾವಿರ ವರ್ಷ ಉಳಿಯುವುದು ಸಾಧ್ಯವೇ ಇಲ್ಲ, ಎಂದರು. ಬೊಂಬೆ ಮಾರಿದ ಮನುಷ್ಯ ತಂದದ್ದು ಇನ್ನೇನಾದೀತು, ಎಂದರು. ವ್ಯಾಪಾರಿ ಹುಟ್ಟಿನಿಂದ ಯಹೂದಿ ಎಂಬುದನ್ನೇ ಮೂದಲಿಕೆ ಮಾಡುವ ಚಿತ್ರಗಳೂ ಅಚ್ಚಾದವು. ಗಟ್ಟಿ ವಾದ, ಜೊಳ್ಳು ವಾದ, ಹೊಲಸು ವಾದ ಎಲ್ಲವೂ ಒಂದೇ ಮೊರದಲ್ಲಿ ಬಿದ್ದವು. ಯಾರೂ ಕೇರಲಿಲ್ಲ.

ಲಂಡನ್ ಪಂಡಿತರ ವರದಿಯೂ ಅಷ್ಟರಲ್ಲಿ ಮುಗಿಯಿತು. ಅವರೂ ನಕಲಿ ಎಂದರು. ಚರ್ಮದ ಬಗ್ಗೆ ಫ್ರೆಂಚ್ ತಜ್ಞರು ಹೇಳಿದ್ದನ್ನೇ ಅವರೂ ಹೇಳಿದರು. ಮ್ಯೂಸಿಯಂ ಇದೇ ವ್ಯಾಪಾರಿಯಿಂದ ಕೊಂಡಿದ್ದ ಸುರುಳಿಗಳ ಜೊತೆ ಹೋಲಿಸಿದರು. ಪಠ್ಯದಲ್ಲಿ ಅವರು ಹಿಡಿದದ್ದು ಕಾಗುಣಿತದ ತಪ್ಪುಗಳನ್ನು. ಉತ್ತರ ಯುರೋಪಿನ ಯಹೂದಿಗಳ ಬಾಯಲ್ಲಿ ಒಂದೇ ತರಹ ಕೇಳುವ, ಆದರೆ ಬರೆಯುವಾಗ ಬೇರೆಯಾದ ಅಕ್ಷರಗಳು ಪಟ್ಟಿಗಳಲ್ಲಿ ಅದಲುಬದಲಾಗಿವೆ ಎಂದರು. ನಾವು ‘ಶ’ ‘ಷ’ ಗೊಂದಲ ಮಾಡಿಕೊಳ್ಳುತ್ತೇವಲ್ಲ, ಆ ತರಹ. ಅಂದರೆ ಬರೆದವರು ಪೋಲೆಂಡ್, ರಷ್ಯಾ, ಜರ್ಮನಿ ಕಡೆಯಲ್ಲಿ ಹೀಬ್ರೂ ಕಲಿತವರು. ಬೆರಳು ಯಾರ ಕಡೆ ತೋರಿತು ಎಂದು ಬಿಡಿಸಿ ಹೇಳಬೇಕಿಲ್ಲ. ಇದು ಬುದ್ಧಿವಂತ ವಾದ, ಅಂಚಿನ ವಾದದಷ್ಟು ಗಟ್ಟಿಯಲ್ಲ. ಮಸುಕಾದ ಅಕ್ಷರವನ್ನು ಓದಿದವರ ಕಣ್ಣಿನ ತಪ್ಪೂ ಇದರಲ್ಲಿ ಸೇರಿರಬಹುದು, ಅಲ್ವಾ?

ಆಮೇಲೆ ಆದದ್ದು

ವ್ಯಾಪಾರಿ ಆಗಸ್ಟ್ 23ರಂದು ಲಂಡನ್ ಪಂಡಿತರಿಗೆ ಪತ್ರ ಬರೆದರು. ನೀವೇ ಪ್ರಕಟಿಸಿ, ನೀವೇ ಪ್ರದರ್ಶಿಸಿ, ಈಗ ಸುಳ್ಳು ಅನ್ನುತ್ತಿದ್ದೀರಿ ಎಂಬುದು ಅವರ ಗೋಳು. ನಕಲಿ ಎಂದು ತನಗಿನ್ನೂ ನಂಬಿಕೆಯಾಗಿಲ್ಲ ಎಂದರು. ಈ ಅವಮಾನ ತಾಳಲಾರೆ ಎಂದೂ ಬರೆದರು. ಆ ಸಾಲನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಂಡ ಹಾಗೆ ಕಾಣುವುದಿಲ್ಲ. ಪಟ್ಟಿಗಳನ್ನು ಅಲ್ಲೇ ಬಿಟ್ಟು ಹೊರಟುಹೋದರು. ಊರಿಗೆ ಮರಳಲಿಲ್ಲ. 1884ರ ಮಾರ್ಚ್‌ನಲ್ಲಿ ನೆದರ್ಲೆಂಡ್ಸಿನ ರಾಟರ್‌ಡಾಮಿನ ಹೋಟೆಲೊಂದರಲ್ಲಿ ತಾವೇ ಜೀವ ಕಳೆದುಕೊಂಡರು.

ಜನ ಅದನ್ನೂ ಪುರಾವೆ ಮಾಡಿಕೊಂಡರು. ತಪ್ಪಿತಸ್ಥನಲ್ಲದಿದ್ದರೆ ಯಾಕೆ ಸತ್ತ, ಅಂತ ಕೆಲವರು. ತಪ್ಪಿತಸ್ಥನಾಗಿದ್ದರೆ ಯಾಕೆ ಸಾಯಬೇಕಿತ್ತು, ಅಂತ ಇನ್ನು ಕೆಲವರು. ಚರ್ಮದ ಮೇಲಿನ ಶಾಯಿಯ ವಯಸ್ಸಿಗೂ ಒಬ್ಬ ಮನುಷ್ಯನ ಸಂಕಟಕ್ಕೂ ಏನು ಸಂಬಂಧ?

1885ರಲ್ಲಿ ಪಟ್ಟಿಗಳನ್ನು ಲಂಡನ್ನಿನಲ್ಲಿ ಹರಾಜು ಹಾಕಿದರು. ಹತ್ತು ಲಕ್ಷ ಪೌಂಡಿನ ವಸ್ತು ಹತ್ತು ಪೌಂಡು ಐದು ಷಿಲಿಂಗಿಗೆ ಪುಸ್ತಕ ವ್ಯಾಪಾರಿಯೊಬ್ಬರ ಪಾಲಾಯಿತು. ಅಲ್ಲಿಂದ ಆಸ್ಟ್ರೇಲಿಯಾದ ನಂಟಿದ್ದ ಶ್ರೀಮಂತರೊಬ್ಬರ ಕೈ ಸೇರಿ 1899ರ ಬೆಂಕಿಯಲ್ಲಿ ಸುಟ್ಟುಹೋದವು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಈಚೆಗೆ ಹಳೇ ಪತ್ರಿಕೆಗಳನ್ನು ಜಾಲಾಡಿದವರಿಗೆ ಬೇರೆ ಜಾಡು ಸಿಕ್ಕಿತು. 1889ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಒಬ್ಬ ವೈದ್ಯರು ಈ ಪಟ್ಟಿಗಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಜಾಡು ಅಲ್ಲಿಗೆ ನಿಲ್ಲುತ್ತದೆ.

1947ರ ನಂತರ

ಸತ್ತ ಸಮುದ್ರದ ಪಶ್ಚಿಮ ದಂಡೆಯ ಕುಮ್ರಾನ್ ಗುಹೆಗಳಲ್ಲಿ ಬೆದೂಯಿನರಿಗೆ ಚರ್ಮದ ಸುರುಳಿಗಳು ಸಿಕ್ಕವು. ಬಟ್ಟೆ ಸುತ್ತಿದ್ದವೂ ಇದ್ದವು. ಎರಡು ಸಾವಿರ ವರ್ಷ ಹಳೆಯವು. ಹಳೇ ಲಿಪಿಯಲ್ಲಿ ಬರೆದ ತುಣುಕುಗಳೂ ಸಿಕ್ಕವು. ನಮ್ಮ ಬೈಬಲಿಗಿಂತ ಬೇರೆಯಾದ ಪಾಠಗಳೂ ಸಿಕ್ಕವು. ಚರ್ಮ ಉಳಿಯುವುದೇ ಇಲ್ಲ ಎಂದಿದ್ದ 1883ರ ವಾದ ನೆಲಕ್ಕೆ ಬಿತ್ತು. 1950ರ ದಶಕದಲ್ಲೇ ಪ್ರಕರಣವನ್ನು ಮತ್ತೆ ತೆರೆಯಬೇಕು ಎಂಬ ದನಿ ಎದ್ದಿತು.

2021ರಲ್ಲಿ ಒಬ್ಬ ಸಂಶೋಧಕರು ಪಟ್ಟಿಗಳು ಅಸಲಿ, ಈಗಿನ ಧರ್ಮೋಪದೇಶಕಾಂಡಕ್ಕೂ ಹಳೆಯವು ಎಂದು ವಾದಿಸಿದರು. ಅವರ ಕೈಲಿದ್ದ ಹೊಸ ಪುರಾವೆ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ವ್ಯಾಪಾರಿಯ ಕೈಬರಹದ ಹಾಳೆಗಳು. ಪಟ್ಟಿಗಳನ್ನು ಓದಲು ವ್ಯಾಪಾರಿ ಒದ್ದಾಡಿದ ಗುರುತು ಅವುಗಳಲ್ಲಿವೆ. ಪ್ರಶ್ನೆ ಚಿಹ್ನೆ, ಗೊಂದಲ, ತಿದ್ದುಪಡಿ. ತಾನೇ ಬರೆದದ್ದನ್ನು ಓದಲು ಯಾರಾದರೂ ಹೀಗೆ ಒದ್ದಾಡುತ್ತಾರೆಯೇ?

ಒಳ್ಳೇ ಪ್ರಶ್ನೆ. ಆದರೆ ಉತ್ತರ ಎಲ್ಲಿಗೆ ತಲುಪುತ್ತದೆ ನೋಡಿ. ವ್ಯಾಪಾರಿ ಬರೆಯಲಿಲ್ಲ ಎಂದು ಒಪ್ಪೋಣ. ಬೊಂಬೆ ವಿಷಯದಲ್ಲಿ ಆದಂತೆ ಬೇರೆ ಯಾರೋ ಮಾಡಿ ಇವರಿಗೆ ಮಾರಿರಬಹುದು. ಮನುಷ್ಯ ನಿರ್ದೋಷಿ, ಪಟ್ಟಿ ನಕಲಿ. ಎರಡೂ ಒಟ್ಟಿಗೆ ನಿಜವಾಗಬಹುದು. 1883ರಲ್ಲಿ ಹೆಸರು ಕೆಟ್ಟದ್ದರಿಂದ ವಸ್ತು ಕೆಟ್ಟದ್ದು ಎಂದರು. ಈಗ ಹೆಸರು ತೊಳೆದರೆ ವಸ್ತುವೂ ಶುದ್ಧವಾಗುತ್ತದೆ ಎಂಬ ಆಸೆ ಇಣುಕುತ್ತಿದೆ. ಕುಮ್ರಾನ್ ಕೂಡ ಹಾಗೆಯೇ. ಅಸಲಿ ಇರುವುದು ಸಾಧ್ಯ ಎಂದು ತೋರಿಸುತ್ತದೆ, ಈ ಪಟ್ಟಿಗಳು ಅಸಲಿ ಎಂದು ತೋರಿಸುವುದಿಲ್ಲ. ಕಾನೂನಿನ ಭಾಗ ಇಲ್ಲದಿರುವುದನ್ನೂ ಎರಡೂ ಕಡೆಗೆ ಎಳೆಯಬಹುದು. ಪಾಂಡಿತ್ಯ ಇದ್ದ ನಕಲಿಗಾರ ಅದನ್ನು ಬಿಡುತ್ತಿರಲಿಲ್ಲ ಎನ್ನಬಹುದು. ಹದಿನೈದು ಅಧ್ಯಾಯ ಗೀಚುವ ತಾಳ್ಮೆ, ಅಷ್ಟು ಚರ್ಮ ಯಾರ ಹತ್ತಿರ ಇತ್ತು ಎಂದೂ ಕೇಳಬಹುದು.

ಕಲಿಯುವವರಿಗೆ ಇದರಲ್ಲಿ ಏನಿದೆ

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದ ಉದಾಹರಣೆಯೂ ಇದೆ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಬಳಿ ಸತ್ತ ಸಮುದ್ರದ ಸುರುಳಿಗಳದ್ದು ಎನ್ನಲಾದ 16 ತುಣುಕುಗಳಿದ್ದವು. 2002ರಿಂದೀಚೆಗೆ ಮಾರುಕಟ್ಟೆಗೆ ಬಂದಂಥವು. ಅನುಮಾನ ಎದ್ದಾಗ ಹೊರಗಿನ ತಂಡಕ್ಕೆ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಚರ್ಮ ಹಳೆಯದೇ. ಶಾಯಿ ಮಾತ್ರ ಹಳೇ ಬಿರುಕುಗಳ ಒಳಗೆ ಇಳಿದಿತ್ತು. ಅಂದರೆ ಚರ್ಮ ಬಿರಿದ ಮೇಲೆ ಬರೆದದ್ದು. ಹದಿನಾರಕ್ಕೆ ಹದಿನಾರೂ ನಕಲಿ ಎಂದು 2020ರ ಮಾರ್ಚ್‌ನಲ್ಲಿ ಮ್ಯೂಸಿಯಂ ತಾನೇ ಕಾರಣ ಸಮೇತ ವರದಿ ಹೊರಗೆ ಹಾಕಿತು. ಬರ್ಲಿನ್ನಿನ ಸಮಿತಿ 1883ರಲ್ಲಿ ಬಿಟ್ಟದ್ದು ಇದನ್ನೇ.

ನಮ್ಮಲ್ಲಿಯೂ ಅದೇ ಕಾಲದ ಒಂದು ಜಗಳ ನೆನಪಾಗುತ್ತದೆ. ಗಂಗರ ಎಷ್ಟೋ ತಾಮ್ರಪಟಗಳು ಕೂಟ ಶಾಸನಗಳು, ಅಂದರೆ ನಕಲಿ ಶಾಸನಗಳು, ಎಂದು ಶಾಸನತಜ್ಞ ಫ್ಲೀಟ್ ಹೇಳಿದರು. ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ. ಇಬ್ಬರೂ ಗಟ್ಟಿಗರು, ಜಗಳ ವರ್ಷಗಟ್ಟಲೆ ನಡೆಯಿತು. ಆದರೆ ಆ ಶಾಸನಗಳ ಪಾಠವನ್ನೂ ಪಡಿಯಚ್ಚನ್ನೂ ಪ್ರಕಟಿಸಿದರು. ಇವತ್ತು ಕೂತು ಲಿಪಿ ನೋಡಿ, ಫ್ಲೀಟ್ ಇಲ್ಲಿ ಸರಿ, ಅಲ್ಲಿ ಅತಿಯಾಯಿತು ಅಂತ ವಾದ ಮುಂದುವರಿಸಬಹುದು. ನಕಲಿ ಎಂದ ಮಾತ್ರಕ್ಕೆ ಯಾರೂ ತಾಮ್ರವನ್ನು ಕರಗಿಸಿ ಚೊಂಬು ಮಾಡಬಾರದು. ನಕಲಿಯೂ ಒಂದು ದಾಖಲೆಯೇ. ಯಾವಾಗ, ಯಾರಿಗೆ, ಏನು ಬೇಕಾಗಿತ್ತು ಅಂತ ಅದು ಹೇಳುತ್ತದೆ.

ಈ ಪಟ್ಟಿಗಳ ವಿಷಯದಲ್ಲಿ ಆ ಅವಕಾಶವೇ ಇಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದು ಬಿರುಕು, ಅದರೊಳಗೆ ಒಂದು ಹನಿ ಶಾಯಿ ಸಿಕ್ಕರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಈಗ ಇರುವುದು ಲೈಪ್‌ಜಿಗ್ ವಿದ್ವಾಂಸರ ಓದು, ಲಂಡನ್ ಪಂಡಿತರ ಓದು, ಕೈಯಿಂದ ಬರೆದುಕೊಂಡ ಚಿತ್ರಗಳು, ಒಂದೆರಡು ತುಣುಕಿನ ಕಲ್ಲಚ್ಚು. ಕಲ್ಲಚ್ಚಿನಲ್ಲಿ ಅಕ್ಷರ ಚೆನ್ನಾಗಿಯೇ ಮೂಡಿದೆ. ಶಾಯಿ ಬಿರುಕಿಗೆ ಇಳಿದಿತ್ತೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ. 1885ರ ಆ ಹರಾಜಿನ ದಿನ ಹತ್ತೂಕಾಲು ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂ ಕೂಡ ಕೂಗಬಹುದಿತ್ತು. ಕೊಂಡು ಮೂಲೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ‘ನಕಲಿ’ ಅಂತ ಚೀಟಿ ಅಂಟಿಸಿ ಇಟ್ಟಿದ್ದರೂ ಸಾಕಿತ್ತು.